ಹತ್ತು ಸಾವಿರ ಕ್ಯಾಸೆಟ್ಟಿನ ಬಂಗಾರದ ತಟ್ಟೆ

ಹೊನ್ನಾವರದಿಂದ ಕುಮಟೆಗೆ ಹೋಗುವ ಬಸ್ಸಿನಲ್ಲಿ ನನ್ನ ಹಾಡು. ಇಳಿದರೆ ಚಾದಂಗಡಿಯಲ್ಲಿ ನನ್ನ ಹಾಡು. ಮದುವೆಮನೆಯ ಮೈಕಿನಲ್ಲೂ ನಾನೇ. ೧೯೮೫ರ ಆ ಬೇಸಿಗೆಯಲ್ಲಿ ಮಾವಿನಕುರ್ವೆಯ ಮಾಬ್ಲನ, ಅಂದರೆ ನನ್ನ, ದನಿ ಕೇಳದ ಊರಿರಲಿಲ್ಲ. ಹಾಗಿರುವಾಗ ಕ್ಯಾಸೆಟ್ ಕಂಪನಿಯ ಶ್ರೀಕೃಷ್ಣ, ನಿನ್ನ ಕ್ಯಾಸೆಟ್ಟು ಖರ್ಚಾದದ್ದು ಬರೀ ಒಂಬೈನೂರು ಎಂದರೆ ಯಾರ ತಲೆ ಕೆಡುವುದಿಲ್ಲ ಹೇಳಿ.

ಹತ್ತು ಸಾವಿರ ಕ್ಯಾಸೆಟ್ ಹೋದರೆ ಕುಮಟೆಯಲ್ಲಿ ಸಭೆ ಮಾಡಿ ಬಂಗಾರದ ಬಣ್ಣದ ತಟ್ಟೆ ಕೊಡುತ್ತೇವೆ, ಎರಡನೇ ಕ್ಯಾಸೆಟ್ಟನ್ನೂ ತೆಗೆಯುತ್ತೇವೆ ಎಂದವನು ಅವನೇ. ತಟ್ಟೆ ಹಾಳಾಗಿ ಹೋಗಲಿ, ನನಗೆ ಬೇಕಿದ್ದದ್ದು ಎರಡನೇ ಕ್ಯಾಸೆಟ್ಟು. ಅದಕ್ಕೆಂದೇ ದೋಣಿ ಕೆಲಸ ಬಿಟ್ಟು, ಎಂಟು ಪದ ಕಟ್ಟಿಕೊಂಡು ಕೂತಿದ್ದೆ. ಶ್ರೀಕೃಷ್ಣ ತಣ್ಣಗೆ ಹೇಳಿದ: ಊರಲ್ಲಿರುವುದೆಲ್ಲ ಕಾಪಿ, ಯಾರೋ ತುಂಬಿಸಿ ಹಂಚಿದ್ದಾರೆ, ಎರಡನೆಯದಕ್ಕೆ ಕಂಪನಿ ಕೈ ಹಾಕುವುದಿಲ್ಲ. ತಟ್ಟೆ ಈ ಸಲ ಯಾರೋ ಭಜನೆ ಹಾಡುವವರಿಗಂತೆ.

ಮೈಯೆಲ್ಲ ಉರಿಯಿತು. ಆ ಕಳ್ಳನನ್ನು ಹಿಡಿದೇ ತೀರುತ್ತೇನೆಂದು ಭಟ್ಕಳಕ್ಕೆ ಹೋದೆ. ದುಬೈಯಿಂದ ಬಂದ ಟೇಪ್ ರೆಕಾರ್ಡರ್ ಇದ್ದಲ್ಲೇ ಕಳ್ಳನೂ ಇರುತ್ತಾನೆಂದು ನನ್ನ ದೊಡ್ಡ ಬುದ್ಧಿ. ಅಲ್ಲಿಯ ಕ್ಯಾಸೆಟ್ ಅಂಗಡಿಯವನು ಪಾಪ, ಕೂರಿಸಿ ಚಾ ಕೊಟ್ಟ. ತನಗೆ ಪಕ್ಕದ ಜಾಲಿ ಊರಿನವರು ಕೊಟ್ಟದ್ದು, ಅವರಿಗೆ ಹೊನ್ನಾವರದಿಂದ ಬಂದದ್ದು ಎಂದು ಕ್ಯಾಸೆಟ್ ಹಾಕಿ ತೋರಿಸಿದ. ಮೊದಲು ಕೋಳಿ ಕೂಗಿತು. ಆಮೇಲೆ ಒಂದು ಹೆಂಗಸಿನ ದನಿ ಗದರಿತು:

"ಸುಮ್ಗಿರೇ ಮಂಜಿ, ಮಾಬ್ಲನ ಪದ ತುಂಬ್ತಿದೆ."

ಮಂಜಿ ನನ್ನ ಹೆಂಡತಿ. ಗದರಿದ್ದು ನನ್ನ ಅಬ್ಬೆ ಈರಮ್ಮ. ನಮ್ಮ ಟೇಪಿನ ಎದುರು ನೆರೆಮನೆಯ ಟೇಪು ಇಟ್ಟು ತುಂಬಿಸಿದ್ದಳು ಮಹಾತಾಯಿ. ಅಂಗಡಿಯವನ ಮುಖ ನೋಡಲಾಗದೆ ಎದ್ದು ಬಂದೆ.

ಮನೆಗೆ ಬಂದಾಗ ಅಬ್ಬೆ ಮೀನು ಕೊಯ್ಯುತ್ತಿದ್ದಳು. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಕೇರಿಗೆಲ್ಲ ಕೇಳುವಂತೆ ಕೂಗಾಡಿದೆ. ಅವಳು ಬೆದರಲಿಲ್ಲ. ಖಾಲಿ ಕ್ಯಾಸೆಟ್ ಹಿಡಿದು ಬಂದವರಿಗೆಲ್ಲ ತುಂಬಿಸಿ ಕೊಟ್ಟೆ, ನಲವತ್ತೋ ಐವತ್ತೋ ನೆನಪಿಲ್ಲ ಎಂದಳು. ಆಮೇಲೆ ಅವರೂ ಅವರ ನೆಂಟರಿಗೆ ಕೊಟ್ಟರಂತೆ.

"ಬಲೆ ಎಳುಕೆ ಸಂಗಡ ಬಂದವ್ರಿಗೆ ಮೀನು ಮಾರುದುಂಟಾ ಮಗಾ? ನೀ ಪದ ಕಲ್ತದ್ದು ಅವ್ರ ಸಂಗಡವೇ ಅಲ್ದಾ?"

ಅವಳು ಹೇಳಿದ್ದು ನಿಜವಾದ್ದಕ್ಕೇ ಸಿಟ್ಟು ಇನ್ನೂ ಏರಿತು. ಎರಡನೇ ಕ್ಯಾಸೆಟ್ ಇಲ್ಲ, ಇನ್ನು ಯಾವತ್ತೂ ಇಲ್ಲ, ನಾಳೆಯಿಂದ ಮತ್ತೆ ದೋಣಿಯೇ ಗತಿ ಎಂದೆ.

ಅಬ್ಬೆಯ ಕೈ ನಿಂತಿತು. ಮೀನಿನ ಕೈಯನ್ನು ಸೀರೆಗೇ ಒರೆಸಿಕೊಂಡಳು.

"ನಿನ್ನ ಪದ ನಿಲ್ಸಿದ್ದು ನಾನೇ ಏನಾ ಮಗಾ?"

ಬಾಗಿಲಲ್ಲಿ ನಿಂತಿದ್ದ ಮಂಜಿ, ಅಲ್ಲ ಅನ್ನಿ ಎಂದು ನನಗೆ ಕೈಸನ್ನೆ ಮಾಡುತ್ತಿದ್ದಳು. ನಾನು ನೋಡಿದೆ.

ಹೌದು ಅಂದೆ.