ಅಕ್ಕಯಮ್ಮ ಮಲಗಿದ ದಿನ

ಗಂಡ ವೆಂಕಟೇಶಪ್ಪನಿಗೆ ಗಂಟಲು ಕ್ಯಾನ್ಸರ್ ಬಂದ ಮೇಲೆ ಅಕ್ಕಯಮ್ಮ ಮನೆಯಲ್ಲಿ ಒಗ್ಗರಣೆ ಹಾಕುವುದನ್ನೇ ಬಿಟ್ಟಿದ್ದಳು. ಮೂಗಿನ ನಳಿಕೆಯಲ್ಲಿ ಗಂಜಿ ಕುಡಿಯುವವನ ಎದುರು ಬೆಳ್ಳುಳ್ಳಿ ಘಮ ಎಬ್ಬಿಸಲು ಮನಸ್ಸು ಬರುತ್ತಿರಲಿಲ್ಲ. ಮಿಕ್ಕ ಗಂಜಿಗೆ ಉಪ್ಪು ಹಾಕಿಕೊಂಡು ತಾನೂ ಅದನ್ನೇ ಕುಡಿಯುತ್ತಿದ್ದಳು.

ಆ ಮಂಗಳವಾರ ಬೆಳಿಗ್ಗೆ ನಳಿಕೆಗೆ ಗಂಜಿ ಬಿಡುವಾಗ ಅವನು ಕೈ ಬೀಸಿಬಿಟ್ಟ. ಹಾಸಿಗೆಯೆಲ್ಲ ಗಂಜಿಯಾಯಿತು. ನೋವಿಗೋ, ಸಿಟ್ಟಿಗೋ? ಹೇಳಲು ಅವನಿಗೆ ದನಿಯಿರಲಿಲ್ಲ. ಅಕ್ಕಯಮ್ಮ ಅವನ ಬಟ್ಟೆ ಬದಲಿಸಿದಳು, ನೆಲ ಒರೆಸಿದಳು. ಆಮೇಲೆ ಪಕ್ಕದ ಮನೆಗೆ ಹೋಗಿ ಭಾವ ಮುತ್ತರಾಯಪ್ಪನಿಗೆ, "ನಿಮ್ ತಮ್ಮನ್ನ ಒಸಿ ನೋಡ್ಕಳಿ. ನನ್ ಕೈಲಾಗಲ್ಲ" ಎಂದವಳೇ ಉತ್ತರಕ್ಕೂ ಕಾಯದೆ ರಾಯಕೋಟೆ ಬಸ್ಸು ಹತ್ತಿದಳು.

ಅಲ್ಲಿ ತಂಗಿ ಆದಿಲಕ್ಷ್ಮಿ ಅಕ್ಕನ ಮುಖ ನೋಡಿದವಳೇ ತಟ್ಟೆ ಹಾಕಿದಳು. ಬಿಸಿ ಮುದ್ದೆ, ಅವರೆಕಾಳು ಸಾರು ಬಡಿಸಿದಳು. ಎರಡು ತುತ್ತು ನುಂಗುವಷ್ಟರಲ್ಲಿ ಅಕ್ಕಯಮ್ಮನಿಗೆ ಅಳು ಒತ್ತರಿಸಿ ಬಂತು.

"ಅವಯ್ಯ ಬೇಗ ಹೋಗ್ಬುಡ್ಲಿ ಅನ್ನುಸ್ತು ಕಣೇ. ನಾನಿಂಥೋಳಾ?"

"ಸುಸ್ತಾಗಿದ್ದೀಯ ಅಕ್ಕ. ಉಂಡು ಮಲಿಕ್ಕೋ."

ಎಚ್ಚರವಾದಾಗ ಬಿಸಿಲು ಇಳಿದಿತ್ತು. ಎದ್ದವಳೇ ಭಾವನಿಗೆ ಫೋನು ಮಾಡಿದಳು.

"ಗಂಜಿ ಕುಡ್ಸಿದೆ ಕಣಮ್ಮ. ನಳಿಕೆ ಹೆಂಗ್ ಹಿಡೀಬೇಕೋ ಗೊತ್ತಾಗ್ಲಿಲ್ಲ. ಅವನೇ ಹಿಂಗ್ ಹಿಡ್ಕೋ ಅಂತ ತೋರ್ಸ್ಕೊಟ್ಟ. ಇಷ್ಟು ದಿನ ನನ್ನ ಯಾಕೆ ಕರೀಲಿಲ್ಲ?"

"ನೀವ್ಯಾಕೆ ಬರ್ಲಿಲ್ಲ ಭಾವ?"



"ಭಯ. ನಮ್ಮಪ್ಪನೂ ಇದ್ರಲ್ಲೇ ಹೋಗಿದ್ದು."

ಇಷ್ಟು ದಿನ ಅವನನ್ನು ಕಲ್ಲೆದೆಯವನೆಂದು ಬೈದುಕೊಂಡಿದ್ದಳು. ಈಗ ಬೈಯಲೂ ತ್ರಾಣವಿರಲಿಲ್ಲ. "ಹಂಗಾದ್ರೆ ಮಂಗಳವಾರ ಮಂಗಳವಾರ ನೀವೇ ನೋಡ್ಕಬೇಕು" ಎಂದಳು. ಮುತ್ತರಾಯಪ್ಪ ಹೂಂ ಎಂದ.

ಸಂಜೆ ಮನೆಗೆ ಬಂದಾಗ ವೆಂಕಟೇಶಪ್ಪ ಗೋಡೆಯ ಕಡೆ ಮುಖ ಮಾಡಿದ್ದ. ಅವಳು ಪಕ್ಕದಲ್ಲಿ ಕೂತಳು.

"ವಾರಕ್ಕೊಂದಿನ ತಂಗಿ ಮನೇಗ್ ಹೋಗಿ ಮಲಿಕ್ಕಂಡು ಬತ್ತೀನಿ. ಬುಟ್ಟೋಯ್ತಾಳೆ ಅನ್ಕೋಬ್ಯಾಡ."

ಅವನು ತಿರುಗಲಿಲ್ಲ. ಬಹಳ ಹೊತ್ತಿನ ಮೇಲೆ ಕೈ ಹಿಂದಕ್ಕೆ ಚಾಚಿ, ತಡಕಾಡಿ ಅವಳ ಮಣಿಕಟ್ಟು ಹಿಡಿದ. ಅಕ್ಕಯಮ್ಮನ ಸೊಂಟ ನೋಯುತ್ತಿತ್ತು. ಆದರೂ ಅವನಾಗಿ ಬಿಡುವವರೆಗೂ ಕೂತೇ ಇದ್ದಳು. ಆಮೇಲೆ ಎದ್ದು ನೀರು ಕಾಯಲಿಟ್ಟಳು.