ಕೊನೆಗೆಂದು ಉಳಿಸಿದ ಕಾರ್ಡು

ನಮ್ಮ ಅರಬ್ಬಿ–ಕನ್ನಡ ನಿಘಂಟಿನ ಕಾರ್ಡುಗಳೆಲ್ಲ ಅಚ್ಚುಮನೆ ಸೇರಿ ಎಂಟು ತಿಂಗಳಾಗಿತ್ತು. ಒಂದು ಮಾತ್ರ ನನ್ನ ಮೇಜಿನ ಮೇಲಿತ್ತು. ಮುಗಿಯುವುದನ್ನು ಹೇಳುವ ಪದವನ್ನೂ ಅದರಿಂದ ಹುಟ್ಟಿದವನ್ನೂ ಕೊನೆಯಲ್ಲೇ ಮುಗಿಸೋಣವೆಂದು ನಮ್ಮ ಯಜಮಾನರು ಹಟ ಹಿಡಿದು ಉಳಿಸಿಕೊಂಡಿದ್ದರು. ಅರ್ಥಗಳನ್ನೇನೋ ಬರೆದರು. ಉದಾಹರಣೆಗಳನ್ನು ನನ್ನ ತಲೆಗೆ ಕಟ್ಟಿ, ತಾವು ತೀರಿಹೋಗಿಬಿಟ್ಟರು.

ಮೂವತ್ತು ವರ್ಷ ನಮ್ಮದು ಒಂದೇ ಪದ್ಧತಿ. ಅರ್ಥ ಅವರದು, ಉದಾಹರಣೆ ನನ್ನದು. ಬರೆದಾದ ಮೇಲೆ ನಾನು ಗಟ್ಟಿಯಾಗಿ ಓದಬೇಕು, ಅವರು ಕಣ್ಣು ಮುಚ್ಚಿ ಕೇಳಿ "ಸೈ" ಎನ್ನಬೇಕು. ಸೈ ಬೀಳದ ಕಾರ್ಡು ಹೊಸ್ತಿಲು ದಾಟುವಂತಿಲ್ಲ. ಆ ಮಹಾರಾಯರು ಒಂದೇ ಸಲಕ್ಕೆ ಸೈ ಎಂದವರಲ್ಲ. "ಇನ್ನೊಂದ್ಸಲ ಓದು" ಎನ್ನುವರು. ಒಲೆಯ ಮೇಲೆ ಹಾಲು ಉಕ್ಕುತ್ತಿದ್ದರೂ ಅಷ್ಟೇ. "ಕಿವಿಗೇನು ಬೀಗ ಹಾಕ್ಕೊಂಡಿದೀರಾ?" ಎಂದು ರೇಗುತ್ತಲೇ ಮತ್ತೆ ಓದುತ್ತಿದ್ದೆ.

ಈ ಕಾರ್ಡೂ ಹೋಯಿತೆಂದರೆ ನಾವಿಬ್ಬರೂ ಸೇರಿ ಮಾಡುವಂಥದ್ದು ಏನೂ ಉಳಿಯುವುದಿಲ್ಲ. ಅದಕ್ಕೇ ಕೊಡಲಿಲ್ಲ. ಅಚ್ಚುಮನೆಯವನಿಗೆ ಕೈನೋವು ಎಂದೆ, ಕನ್ನಡಕ ಒಡೆದಿದೆ ಎಂದೆ. ಸಬೂಬುಗಳೂ ತೀರುತ್ತ ಬಂದವು.

ನಿನ್ನೆ ಮಧ್ಯಾಹ್ನ ಅವನೇ ಬಂದು ಯಜಮಾನರ ಕುರ್ಚಿ ಎಳೆದುಕೊಂಡು ಕೂತ.

"ಅಕ್ಕ, ಆ ಪುಟದಲ್ಲಿ ಜಾಗ ಬಿಟ್ಕೊಂಡು ಕಾಯ್ತಾ ಇದೀನಿ. ನಾಳೆ ಮಷೀನಿಗೆ ಹಾಕ್ಲೇಬೇಕು."

"ಈಗಲೇ ಬರೀತೀನಿ. ಓದ್ತೀನಿ, ಕೇಳಿಸ್ಕೊಂಡು ಹೋಗು."

"ನನಗೆ ಅರಬ್ಬಿ ಏನ್ ಗೊತ್ತಕ್ಕ?"

"ಗೊತ್ತಿರಬೇಕಾಗಿಲ್ಲ. ಸುಮ್ನೆ ಕೇಳು."

ಎಂಟು ತಿಂಗಳು ಬಾರದ ವಾಕ್ಯಗಳು ಹತ್ತೇ ನಿಮಿಷದಲ್ಲಿ ಬಂದವು. ಓದಿದೆ.

"ತಮಾಮ್: ಪೂರ್ತಿ. 'ಪುಸ್ತಕ ಪೂರ್ತಿ ಆಯಿತು.' ಇತ್ಮಾಮ್: ಪೂರ್ತಿ ಮಾಡುವುದು. 'ಪೂರ್ತಿ ಮಾಡಲು ಇಬ್ಬರು ಬೇಕಿತ್ತು.' ತಿಮಾಮ್: ವರ್ಷದ ಎಲ್ಲಕ್ಕಿಂತ ದೀರ್ಘವಾದ ರಾತ್ರಿ. 'ಈ ವರ್ಷ ಅಂಥ ರಾತ್ರಿಗಳು ಬಹಳ ಬಂದವು.' ತತಿಮ್ಮ: ಪೂರ್ತಿಯಾಗಲು ಇನ್ನೂ ಬೇಕಾದ ಭಾಗ. 'ಅದು ನನ್ನ ಪಾಲಿಗೆ ಉಳಿಯಿತು.'"

ಕೊನೆಯ ಹೊತ್ತಿಗೆ ದನಿ ಇಳಿದುಹೋಗಿತ್ತು. ಅವನು ತಲೆ ವಾಲಿಸಿ ಇನ್ನೊಂದು ಕಿವಿ ಕೊಟ್ಟ.

"ಇನ್ನೊಂದ್ಸಲ ಓದಿ ಅಕ್ಕ. ಮಷೀನಿನ ಸದ್ದಿಗೆ ಆ ಕಿವಿ ಮಂದ ಆಗಿದೆ."

ನಾನು ಕಾರ್ಡನ್ನು ಕೆಳಗಿಟ್ಟೆ. ಕಣ್ಣು ತುಂಬಿಕೊಂಡಿತು. ನಾನು ಕಾದಿದ್ದದ್ದು ಸೈ ಎಂಬ ಮಾತಿಗಲ್ಲ, ಈ ಮಾತಿಗೆ.

"ಬೇಜಾರಾಯ್ತಾ ಅಕ್ಕ? ಬೇಡ ಬಿಡಿ, ಹಾಗೇ ಕೊಡಿ," ಎಂದು ಅವನು ಗಾಬರಿಯಾದ.

"ಇಲ್ಲಪ್ಪ, ಓದ್ತೀನಿ."

ಈ ಸಲ ರೇಗಲಿಲ್ಲ. ಒಂದೊಂದೇ ಪದ ಬಿಡಿಸಿ ಓದಿದೆ. ಅವನು ಕೈ ಚಾಚಿದ. ಕೊಡಲು ಮನಸ್ಸಾಗದೆ, ಅವನು ಕೇಳದಿದ್ದರೂ ಮೂರನೆಯ ಸಲ ಓದಿದೆ. ಆಮೇಲೆ ನಾನೇ "ಸೈ" ಎಂದು ಕಾರ್ಡನ್ನು ಅವನ ಕೈಗೆ ಕೊಟ್ಟೆ.