ಖಾಲಿ ಮನೆಯ ನೀರು

"ಮೇಡಂ, ಬೀಗ ಹಾಕಿದ ಮನೇಲಿ ಅಷ್ಟು ನೀರು ಕುಡಿದೋರು ಯಾರು? ದೆವ್ವಾನಾ?"

ಕಂಡಕ್ಟರ್ ಹೀಗೆ ಕೇಳಿದ್ದೇ ತಡ, ನೀರಿನ ಕಚೇರಿಯ ಸಾಲಿನಲ್ಲಿ ನಿಂತಿದ್ದವರೆಲ್ಲ ನಕ್ಕರು. ನಾಲ್ಕು ಜನ ನಕ್ಕರೆ ಅವನಿಗೆ ಆನೆಬಲ. ತುಂಬಿದ ಬಸ್ಸಿನಲ್ಲಿ ಕೊನೇ ಸೀಟಿನವರೆಗೂ ಮುಟ್ಟುವ ಗಂಟಲು ಅದು. ಕೌಂಟರಿನ ಗಾಜು ಅದಕ್ಕೆ ಯಾವ ಲೆಕ್ಕ?

ಗಾಜಿನಾಚೆ ಕೂತಿದ್ದ ಗುಮಾಸ್ತೆಗೆ ಮಾತ್ರ ನಗು ಬರಲಿಲ್ಲ. ನೆಗಡಿಯಾಗಿ ಮೂಗಿನ ತುದಿ ಕೆಂಪಾಗಿತ್ತು. "ದೆವ್ವಕ್ಕೆ ಬಿಲ್ ಕಳಿಸೋಕಾಗಲ್ಲ. ಮೀಟರ್ ನಿಮ್ಮ ಹೆಸರಲ್ಲಿದೆ, ಅದಕ್ಕೆ ನಿಮಗೇ ಬಂದಿದೆ" ಎಂದಳು.

ಅದು ಮನೆ ಮಾಲೀಕರ ಪದ್ಧತಿ. ಯಾರೇ ಬಾಡಿಗೆಗೆ ಬಂದರೂ ಮೊದಲು ನೀರಿನ ಮೀಟರನ್ನು ಅವರ ಹೆಸರಿಗೆ ಮಾಡಿಸಿ ತಾವು ಕೈ ತೊಳೆದುಕೊಳ್ಳುತ್ತಿದ್ದರು. ಕಂಡಕ್ಟರ್ ಮನೆ ಖಾಲಿ ಮಾಡಿದಾಗ ಗೋಡೆಯ ಮೊಳೆಗಳ ತೂತಿನವರೆಗೆ ಎಲ್ಲದರ ವಿಚಾರಣೆ ನಡೆದರೂ, ಮೀಟರಿನ ಹೆಸರು ಬದಲಿಸಬೇಕೆನ್ನುವುದು ಇಬ್ಬರಿಗೂ ಹೊಳೆದಿರಲಿಲ್ಲ. ಈಗ ಎರಡು ತಿಂಗಳ ಬಾಡಿಗೆಯಷ್ಟು ದೊಡ್ಡ ಬಾಕಿ ಹೊಸ ಮನೆಯ ವಿಳಾಸ ಹುಡುಕಿಕೊಂಡು ಬಂದಿತ್ತು. ಅದನ್ನು ನೋಡಿ ಅವನ ಹೆಂಡತಿ ಹೊಸ್ತಿಲ ಮೇಲೇ ಕುಸಿದು ಕೂತಿದ್ದಳು. ವಾಷಿಂಗ್ ಮೆಷಿನ್ನಿಗೆಂದು ಅವಳು ಕೂಡಿಟ್ಟಿದ್ದ ಹಣ ಹೆಚ್ಚುಕಮ್ಮಿ ಅಷ್ಟೇ ಇತ್ತು.

ಮಾಲೀಕರನ್ನೂ ಅವನು ಬಿಡದೆ ಜೊತೆಗೆ ಎಳೆದು ತಂದಿದ್ದ. "ಹೇಳಿ ಸಾರ್, ಬೀಗದ ಕೈ ನಿಮ್ಮ ಕೈಗೆ ಕೊಟ್ಟೆನೋ ಇಲ್ವೋ?"

"ಕೊಟ್ರಪ್ಪ. ನಾನೆಲ್ಲಿ ಇಲ್ಲ ಅಂದೆ? ಆದ್ರೆ ಹೋಗುವಾಗ ನಲ್ಲಿ ತೆರೆದಿಟ್ಟು ಹೋಗಿದ್ರೆ?"

"ನಾವೇನು ಕಣ್ಣು ಮುಚ್ಕೊಂಡು ಮನೆ ಖಾಲಿ ಮಾಡಿದ್ವಾ? ನನ್ನ ಕೈಯಾರೆ ಮುಚ್ಚಿ ಬಂದಿದ್ದೀನಿ. ಆಣೆ ಬೇಕಾ? ಇಲ್ಲೇ ಹಾಕ್ತೀನಿ."

ಆಣೆ ಯಾರಿಗೂ ಬೇಕಿರಲಿಲ್ಲ. ಗುಮಾಸ್ತೆ ಕರವಸ್ತ್ರದ ಹಿಂದಿನಿಂದಲೇ ಹೇಳಿದಳು: "ಮೀಟರ್ ಸರಿಯಾಗಿದೆ, ಪೈಪು ಎಲ್ಲೂ ಒಡೆದಿಲ್ಲ. ನೀರು ಹೋಗಿರೋದಂತೂ ನಿಜ. ಹಾಗಾದ್ರೆ ಬಿಟ್ಟೋರು ಯಾರು?"

ಸಾಲಿನವರು ಕಿವಿ ನಿಮಿರಿಸಿದರು. ಗೆಲುವು ಇಷ್ಟು ಹತ್ತಿರ ಬಂದು ಹಿಂದೆ ಸರಿಯುವುದನ್ನು ಕಂಡಕ್ಟರಿಗೆ ನೋಡಲಾಗಲಿಲ್ಲ. ನಾಲಿಗೆಯ ತುದಿಗೆ ಬಂದದ್ದನ್ನು ಅಂದೇಬಿಟ್ಟ: "ನಮ್ಮ ನಂತರ ಆ ಮನೇಲಿ ಕೆಲಸ ಮಾಡಿದ್ದು ಪೇಂಟರ್ ಅಲ್ವಾ? ಬ್ರಷ್ ತೊಳೆಯೋಕೆ ನೀರು ಬಿಟ್ಟು ಮರೆತಿರ್ತಾನೆ. ವಯಸ್ಸಾದೋನು, ಪಾಪ."

ಆ 'ಪಾಪ' ಸೇರಿಸಿದ್ದು ಯಾಕೆಂದು ಅವನಿಗೇ ಗೊತ್ತಿರಲಿಲ್ಲ. ಮಾಲೀಕರ ಮುಖ ಅರಳಿತು. ಪೇಂಟರನ್ನು ಕರೆಸಿದವರು ಅವರೇ ಆದ್ದರಿಂದ ಗುಮಾಸ್ತೆ ಬಾಕಿಯನ್ನು ಅವರ ಹೆಸರಿಗೆ ವರ್ಗ ಮಾಡಿದರೂ ಅವರು ತಕರಾರೆತ್ತಲಿಲ್ಲ. "ಅವನ ಕೂಲಿ ಇನ್ನೂ ನನ್ನ ಹತ್ರಾನೇ ಇದೆ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಕಂಡಕ್ಟರಿಗೆ ಅದು ಸ್ಪಷ್ಟವಾಗಿ ಕೇಳಿಸಿತು. ಕೇಳಿಸದವನ ಹಾಗೆ ಮೆಟ್ಟಿಲಿಳಿದು, ಬರುವ ದಾರಿಯಲ್ಲಿ ಹೆಂಡತಿಗೆಂದು ಒಂದು ಪೊಟ್ಟಣ ಬಿಸ್ಕತ್ತು ಕೊಂಡ.

ಆ ಕಥೆಯನ್ನು ಅವನು ಮನೆಯಲ್ಲಿ ಎಷ್ಟು ಸಲ ಹೇಳಿದನೋ. ಗುಮಾಸ್ತೆಯ ಮೂಗಿನ ದನಿ, ಮಾಲೀಕರ ಅಡ್ಡಪ್ರಶ್ನೆ, ದೆವ್ವದ ಮಾತಿಗೆ ಬಿದ್ದ ನಗು, ಎಲ್ಲವೂ ಅದರಲ್ಲಿ ಬರುತ್ತಿತ್ತು. ಪೇಂಟರ್ ಮಾತ್ರ ಪ್ರತಿ ಸಲವೂ ಸ್ವಲ್ಪ ಸ್ವಲ್ಪವೇ ಚಿಕ್ಕವನಾಗುತ್ತ ಹೋಗಿ ಕೊನೆಗೆ ಕಥೆಯಿಂದಲೇ ಬಿದ್ದುಹೋದ.

ಹಳೇ ಮನೆಯಲ್ಲಿ ನೀರು ಯಾವಾಗ ಬರುತ್ತದೆಂದು ಬ್ರಹ್ಮನಿಗೂ ಗೊತ್ತಿರಲಿಲ್ಲ. ಅದಕ್ಕೆ ಅವರದೊಂದು ಉಪಾಯವಿತ್ತು. ನೀರು ನಿಂತ ಕೂಡಲೇ ಬಚ್ಚಲ ನಲ್ಲಿಯನ್ನು ಪೂರ್ತಿ ತೆರೆದು, ಕೆಳಗೆ ಖಾಲಿ ಬಕೆಟ್ ಇಡುವುದು. ನೀರು ಬಂದಾಗ ಬಕೆಟ್ಟಿನ ತಳ ಡಬಡಬ ಬಡಿದುಕೊಂಡು ಅವರನ್ನು ಕರೆಯುತ್ತಿತ್ತು. ಗಂಡ ಹೆಂಡತಿ ಇಬ್ಬರೂ ಎಲ್ಲಿದ್ದರಲ್ಲಿಂದ ಎದ್ದುಬಿದ್ದು ಓಡುತ್ತಿದ್ದರು. ವರ್ಷಗಟ್ಟಲೆ ಹೀಗೇ ನಡೆದು, ಒಣಗಿದ ನಲ್ಲಿ ಕಂಡರೆ ಅದನ್ನು ತೆರೆಯುವುದು ಅವನ ಕೈಗೆ ಅಂಟಿದ ಚಾಳಿಯಾಗಿತ್ತು.

ಹೊಸ ಮನೆಯಲ್ಲಿ ನೀರು ನಿಂತದ್ದೇ ಇರಲಿಲ್ಲ. ಒಂದು ದಿನ ಬೀದಿಯಲ್ಲಿ ಪೈಪು ಅಗೆಯುತ್ತಿದ್ದಾರೆಂದು ಬೆಳಿಗ್ಗೆಯೇ ನೀರು ಹೋಯಿತು. ಅವನು ಡ್ಯೂಟಿಗೆ ಹೋದ, ಹೆಂಡತಿ ಅಕ್ಕನ ಮನೆಗೆ ಹೋದಳು. ಸಂಜೆ ಅವನು ಬರುವಷ್ಟರಲ್ಲಿ ಅವಳು ಸೀರೆ ಎತ್ತಿ ಕಟ್ಟಿ ಹಜಾರದ ನೀರು ಬಳಿಯುತ್ತಿದ್ದಳು. ಒಗೆಯಲು ಹಾಕಿದ್ದ ಬಟ್ಟೆ ಬಚ್ಚಲ ತೂಬಿಗೆ ಅಡ್ಡ ಕೂತು, ನೀರು ಮಂಚದ ಕಾಲಿನವರೆಗೆ ಬಂದಿತ್ತು.

"ನೀರು ನಿಂತ್ರೆ ನಲ್ಲಿ ತೆರೆದಿಡೋ ನಿಮ್ಮ ಚಾಳಿ ಇಲ್ಲೂ ಬಿಡಲಿಲ್ವಲ್ಲ! ಹಳೇ ಮನೇಲಾದ್ರೆ ಬಕೆಟ್ಟಾದ್ರೂ ಇಡ್ತಿದ್ರಿ" ಎಂದು ಅವಳು ಒರೆಸುಬಟ್ಟೆ ಹಿಂಡಿದಳು.

ಅವನು ಒಂದು ಕಾಲಿನ ಶೂ ಬಿಚ್ಚಿ ಹಾಗೇ ನಿಂತುಬಿಟ್ಟ. "ನಾನು ತೆರೆದಿಟ್ಟಿದ್ದು ನಂಗೆ ನೆನಪೇ ಇಲ್ಲ ಕಣೇ" ಎಂದ. ಹೇಳುತ್ತಿದ್ದಂತೆ ಹಳೇ ಮನೆಯ ಬಚ್ಚಲು ಕಣ್ಣೆದುರು ಬಂತು.

ಮನೆ ಖಾಲಿ ಮಾಡಿದ ದಿನ ನೀರಿರಲಿಲ್ಲ. ಕಪಾಟು ಹೊತ್ತು ಧೂಳಾದ ಕೈ ತೊಳೆಯಲು ಅವನು ಬಚ್ಚಲಿಗೆ ಹೋಗಿದ್ದ. ನಲ್ಲಿ ಒಂದು ಸಲ ಸೀನಿದಂತೆ ಸದ್ದು ಮಾಡಿ ಸುಮ್ಮನಾಗಿತ್ತು. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಲಾರಿ ಹತ್ತಿದ್ದ. ಕೈಯಾರೆ ತಿರುಗಿಸಿದ್ದಂತೂ ಹೌದು, ಆದರೆ ಯಾವ ಕಡೆಗೆ?

ಹೆಂಡತಿಯೂ ನೀರು ಬಳಿಯುವುದನ್ನು ನಿಲ್ಲಿಸಿದ್ದಳು. ಅವನ ಮುಖ ನೋಡಿ ಅವಳಿಗೂ ತಿಳಿದುಹೋಯಿತು. "ಬಕೆಟ್ ತಗೊಂಡು ಲಾರಿಗೆ ಹಾಕಿದ್ದು ನಾನು" ಎಂದಳು ಮೆಲ್ಲಗೆ. ಆಮೇಲೆ, "ಆಗಿದ್ದು ಆಗಿಹೋಯ್ತು. ಕಚೇರಿಯವರೇ ಒಪ್ಪಿದ್ದಾರೆ. ನೀವಾಗೇ ಹೋಗಿ ಕೆದಕಬೇಡಿ" ಎಂದಳು.

ಅವನು ಕೆದಕಲಿಲ್ಲ. ಆದರೆ ಕಚೇರಿಯ ಕಥೆಯನ್ನು ಮತ್ತೆ ಹೇಳಲೂ ಇಲ್ಲ. ಪೇಂಟರ್ ಅವನಿಗೆ ಅಪರಿಚಿತನೇನಲ್ಲ. ಮನೆ ಖಾಲಿ ಮಾಡುವ ವಾರ ಗೋಡೆ ನೋಡಲು ಬಂದು, ಅವರ ಮನೆಯಲ್ಲೇ ಚಹಾ ಕುಡಿದು, ಲೋಟವನ್ನು ತಾನೇ ತೊಳೆದು ಬೋರಲು ಹಾಕಿಟ್ಟು ಹೋಗಿದ್ದ. ಅಂಥವನನ್ನು ಮರೆಗುಳಿ ಎಂದು ತುಂಬಿದ ಕಚೇರಿಯಲ್ಲಿ ಸಾರಿ ಬಂದಿದ್ದೆನಲ್ಲ ಎಂದು ಅವನಿಗೆ ತನ್ನ ಗಂಟಲಿನ ಮೇಲೇ ಅಸಹ್ಯವಾಯಿತು.

ಪೇಂಟರ್ ಬಸ್ಸು ಹತ್ತಿದ್ದು ಅದಾದ ಮುಂದಿನ ವಾರ. ಜೊತೆಯಲ್ಲಿ ಮಗಳಿದ್ದಳು. ಬಣ್ಣದ ಡಬ್ಬ ಅವಳ ಕೈಯಲ್ಲಿತ್ತು, ಟಿಕೆಟ್ ತೆಗೆದುಕೊಂಡವಳೂ ಅವಳೇ. ಕಂಡಕ್ಟರ್ ತಲೆ ತಗ್ಗಿಸಿ ಮುಂದಕ್ಕೆ ಜಾರುವಷ್ಟರಲ್ಲಿ ಪೇಂಟರ್ ಅವನ ತೋಳು ಹಿಡಿದ.

"ಹೊಸ ಮನೆ ಹೇಗಿದೆಯಪ್ಪ? ನನ್ನಿಂದ ನಿಮಗೆ ಕಚೇರಿಗೆಲ್ಲ ಅಲೆದಾಟ ಆಯ್ತಂತೆ. ತಪ್ಪಾಯ್ತು. ಮನಸ್ಸಲ್ಲಿ ಇಟ್ಕೋಬೇಡಿ."

"ಅಯ್ಯೋ, ಅದೇನು ದೊಡ್ಡದು ಬಿಡಿ" ಎಂದ ಕಂಡಕ್ಟರ್. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ.

"ದೊಡ್ಡದೇ. ನೋಡಿ, ನಂಗೆ ಚೆನ್ನಾಗಿ ನೆನಪಿತ್ತು. ನೀವು ಹೋಗಿ ಎಷ್ಟೋ ದಿನದ ಮೇಲೆ ಕೆಲಸ ಶುರು ಮಾಡಿದ್ದು. ಮೊದಲ ದಿನ ಬೀಗ ತೆಗೀತಿದ್ದ ಹಾಗೇ ಬಚ್ಚಲಲ್ಲಿ ನೀರಿನ ಸದ್ದು. ಚಪ್ಪಲಿ ಕೂಡ ಬಿಡದೆ ಓಡಿ ಹೋಗಿ ನಿಲ್ಲಿಸ್ದೆ. ಮಾಲೀಕರು ಕೇಳಿದಾಗ ಅದನ್ನೇ ಹೇಳ್ದೆ. ಅವರು, 'ಕಂಡಕ್ಟರು ಆಣೆ ಮಾಡಿ ಹೇಳಿದ್ದಾರೆ, ಅವರೇ ಮುಚ್ಚಿ ಹೋಗಿದ್ದು' ಅಂದ್ರು. ನೀವು ಯಾಕೆ ಸುಳ್ಳು ಹೇಳ್ತೀರಿ? ಹಾಗಾದ್ರೆ ನನ್ನ ತಲೇನೇ ನಂಗೆ ಸುಳ್ಳು ಹೇಳ್ತಿದೆ ಅಂತಾಯ್ತು."

"ಸಾಕಪ್ಪ, ಅವರಿಗೆ ಕೆಲಸ ಇದೆ" ಎಂದಳು ಮಗಳು. ಆಮೇಲೆ ದನಿ ತಗ್ಗಿಸಿ ಕಂಡಕ್ಟರಿಗೆ, "ಡಾಕ್ಟರಿಗೆ ತೋರಿಸಿದ್ದೀವಿ ಅಣ್ಣ. ಮಾತ್ರೆ ಕೊಟ್ಟಿದ್ದಾರೆ. ಮಾಲೀಕರ ಇನ್ನೊಂದು ಮನೆ ಇದೆಯಲ್ಲ, ಪೋಸ್ಟಾಫೀಸ್ ಹಿಂದೆ, ಕೂಲಿ ಹಿಡ್ಕೊಂಡ್ರೂ ತೀರದ ಬಾಕಿಗೆ ಅಪ್ಪ ಅದಕ್ಕೆ ಬಿಟ್ಟಿ ಬಣ್ಣ ಹೊಡೆದುಕೊಡ್ತಿದ್ದಾರೆ. ಅದೊಂದು ಮುಗಿದ್ರೆ ಏಣಿ ಮಾರಿಬಿಡ್ತೀನಿ. ಇನ್ನು ಇವರನ್ನ ಕೆಲಸಕ್ಕೆ ಕಳಿಸೋ ಧೈರ್ಯ ನಂಗಿಲ್ಲ" ಎಂದಳು.

ಹಿಂದಿನಿಂದ ಯಾರೋ ಚಿಲ್ಲರೆಗೆ ಕೂಗಿದರು. ಕಂಡಕ್ಟರ್ ಬದುಕಿದೆ ಎಂದುಕೊಂಡು ಅತ್ತ ಹೋದ. ಅಂದು ಅವನು ಕೊಟ್ಟ ಚಿಲ್ಲರೆಯೆಲ್ಲ ತಪ್ಪು. ಒಬ್ಬ ಅಜ್ಜಿ ಹೆಚ್ಚಿಗೆ ಬಂದದ್ದನ್ನು ಎಣಿಸಿ ಹಿಂದಿರುಗಿಸಿದಾಗ ಅವನಿಗೆ ಅಳುವೇ ಬಂದಿತು. ಪೇಂಟರ್ ಇಳಿಯುವಾಗ ಮಗಳು ಮಗುವನ್ನು ಇಳಿಸುವಂತೆ ಅವನ ರಟ್ಟೆ ಹಿಡಿದುಕೊಂಡಿದ್ದಳು.

ಮನೆಯಲ್ಲಿ ಎಲ್ಲವನ್ನೂ ಹೇಳಿದ. ಈ ಸಲ ಯಾರ ದನಿಯನ್ನೂ ಅನುಕರಿಸಲಿಲ್ಲ. ಹೆಂಡತಿ ಕೇಳಿ ಎದ್ದು ಹೋಗಿ, ಬೀರುವಿನಿಂದ ವಾಷಿಂಗ್ ಮೆಷಿನ್ನಿನ ಹಣದ ಕವರು ತಂದು ಅವನ ಮುಂದಿಟ್ಟಳು. "ಬಟ್ಟೆ ಕೈಯಲ್ಲೇ ಒಗೆದ್ರಾಯ್ತು. ನನ್ನ ಕೈಯೇನೂ ಸವೆದಿಲ್ಲ. ಹೋಗಿ ಬನ್ನಿ."

ರಜೆಯ ದಿನ ಹೋದ. ಪೋಸ್ಟಾಫೀಸಿನ ಹಿಂದಿನ ಮನೆಯ ಬಾಗಿಲು ತೆರೆದಿತ್ತು. ಹಜಾರದಲ್ಲಿ ಪೇಂಟರ್ ಏಣಿಯ ಮೇಲಿದ್ದ. ನೆಲಕ್ಕೆಲ್ಲ ಹಳೇ ಬಟ್ಟೆ ಹಾಸಿತ್ತು. ಒಳಗೆಲ್ಲೋ ಮಗಳು ಡಬ್ಬ ಸರಿಸುತ್ತಿದ್ದ ಸದ್ದು ಕೇಳುತ್ತಿತ್ತು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಅವನಿಗೆ ಕೈಕೊಟ್ಟಿತು.

"ಪೇಂಟರಣ್ಣ, ಆ ನಲ್ಲಿ ತೆರೆದಿಟ್ಟಿದ್ದು ನಾನು."

ಬ್ರಷ್ ಗೋಡೆಯ ಮೇಲೇ ನಿಂತಿತು. "ಯಾವ ನಲ್ಲಿ?"

ಕಂಡಕ್ಟರ್ ಹೇಳಿದ. ಬಕೆಟ್ಟಿನ ಉಪಾಯ, ನೀರಿಲ್ಲದ ಆ ದಿನ, ಕಚೇರಿಯಲ್ಲಿ ಪೇಂಟರನ ಹೆಸರು ಎತ್ತಿದ್ದು ತಾನೇ ಎನ್ನುವುದನ್ನೂ ಬಿಡದೆ ಹೇಳಿದ. ಪೇಂಟರ್ ಒಂದೊಂದೇ ಮೆಟ್ಟಿಲು ತಡವುತ್ತ ಕೆಳಗಿಳಿದ.

"ಹಾಗಾದ್ರೆ ನಾನು ಬಾಗಿಲು ತೆಗೆದಾಗ..."

"ನೀರು ಹರೀತಾ ಇತ್ತು."

"ನಾನು ನಿಲ್ಲಿಸ್ದೆ."

"ನೀವೇ ನಿಲ್ಲಿಸಿದ್ದು. ನಿಮಗೆ ನೆನಪಿದ್ದದ್ದೇ ಸರಿ."

ಕಂಡಕ್ಟರ್ ಕವರು ಚಾಚಿದ. ಪೇಂಟರ್ ಅದರ ಕಡೆ ನೋಡಲೇ ಇಲ್ಲ. "ಮಗಳು ಒಳಗಿದ್ದಾಳೆ. ಇನ್ನೊಂದ್ಸಲ ಹೇಳಿ. ಜೋರಾಗಿ."

ಕೊನೇ ಸೀಟಿನವರೆಗೆ ಮುಟ್ಟುತ್ತಿದ್ದ ಗಂಟಲು ಮೇಲೇಳಲಿಲ್ಲ. ಕಂಡಕ್ಟರ್ ಕೆಮ್ಮಿದ. "ನಲ್ಲಿ ತೆರೆದಿಟ್ಟಿದ್ದು ನಾನು! ನಿಮ್ಮಪ್ಪ ಅದನ್ನ ನಿಲ್ಲಿಸಿದ್ದು!" ಎಂದು ಕೂಗಿದಾಗ ಅದು ಖಾಲಿ ಕೋಣೆಗಳಲ್ಲೆಲ್ಲ ಸುತ್ತಿ ಅವನ ಕಿವಿಗೇ ಮರಳಿ ಬಂತು.

ಮಗಳು ಬಾಗಿಲಿಗೆ ಬಂದು ನಿಂತಳು. ಅವನು ಬೈಗುಳಕ್ಕೆ ತಯಾರಾಗಿದ್ದ, ನಾಲ್ಕು ಬಿದ್ದರೆ ಒಳ್ಳೆಯದೆಂದೂ ಅಂದುಕೊಂಡಿದ್ದ. ಅವಳು ಬೈಯಲಿಲ್ಲ. "ನಮ್ಮಪ್ಪ ರಾತ್ರಿ ಎದ್ದೆದ್ದು ಗ್ಯಾಸು, ನಲ್ಲಿ, ಬಾಗಿಲು ಎಲ್ಲಾ ನೋಡ್ಕೊಂಡು ಬರ್ತಾರೆ. ಬಂದು ಮಲಗಿ, ನೋಡಿದ್ನೋ ಇಲ್ವೋ ಅಂತ ಮತ್ತೆ ಏಳ್ತಾರೆ. ನಾನೂ ಅವರ ಹಿಂದೇ ಏಳ್ತೀನಿ" ಎಂದಳು. ಅಷ್ಟು ಹೇಳಿ ಕವರು ತೆಗೆದುಕೊಂಡು, ಒಳಗಿದ್ದದ್ದನ್ನು ಎಣಿಸದೆ ಸೊಂಟಕ್ಕೆ ಸಿಕ್ಕಿಸಿದಳು.

"ಮಾಲೀಕರಿಗೂ ನಾನೇ ಹೇಳ್ತೀನಮ್ಮ. ಇವತ್ತೇ ಹೋಗ್ತೀನಿ."

"ಹೇಳಿ" ಎಂದಳು ಅವಳು.

ಪೇಂಟರ್ ಬ್ರಷ್ ಹಿಡಿದು ಬಚ್ಚಲಿಗೆ ಹೋದ. ನೀರು ಬಿಟ್ಟ ಸದ್ದಾಯಿತು. ಅವನು ಏನನ್ನೋ ಗುನುಗುತ್ತಿದ್ದ ಹಾಗೂ ಇತ್ತು. ಸ್ವಲ್ಪ ಹೊತ್ತಿಗೆ ನೀರು ನಿಂತಿತು. ಮಗಳು ರೂಢಿಯಂತೆ ಬಚ್ಚಲ ಕಡೆ ಎರಡು ಹೆಜ್ಜೆ ಇಟ್ಟವಳು, ನಡುವೆಯೇ ತಡೆದು ಹಿಂದಿರುಗಿ, ನೆಲದ ಬಟ್ಟೆ ಮಡಚತೊಡಗಿದಳು. ಕಂಡಕ್ಟರ್ ಅದರ ಇನ್ನೊಂದು ತುದಿ ಹಿಡಿದ.

ಒಳಗೆ ನಲ್ಲಿಯನ್ನು ಬಿಗಿ ಮಾಡಿದ ಕಿರ್ರೆನ್ನುವ ಸದ್ದು ಕೇಳಿಸಿತು. ಕಾಲು ಸದ್ದು ಬಾಗಿಲವರೆಗೆ ಬಂದು ನಿಂತಿತು. ಹಿಂದಕ್ಕೆ ಹೋಯಿತು. ನಲ್ಲಿ ಇನ್ನೊಮ್ಮೆ ಕಿರ್ರೆಂದಿತು.